ನೋಡ್ ಬಿಸಿಯಾಗಿದೆ, ಸರಿ. ಒಳಗೆ ನಡೆದಿರುವ ಕೆಲಸ ಯಾವುದು?

ಮನೆಯಲ್ಲಿ ಬಿಟ್‌ಕಾಯಿನ್ ನೋಡ್ (ಬಿಟ್‌ಕಾಯಿನ್ನಿನ ಇಡೀ ಲೆಕ್ಕದ ಪುಸ್ತಕವನ್ನು ತಾನೇ ಇಳಿಸಿಕೊಂಡು ಪರೀಕ್ಷಿಸುವ ಕಂಪ್ಯೂಟರ್) ಹಾಕಿಕೊಂಡವರು ನನಗೆ ಕಳಿಸುವ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ: ಸಿಪಿಯು ನೂರಕ್ಕೆ ನೂರು ಹೋಗ್ತಿದೆ, ಕಡಿಮೆ ಮಾಡೋದು ಹೇಗೆ? ಜೊತೆಗೆ ಟಾಸ್ಕ್ ಮ್ಯಾನೇಜರಿನ ಒಂದು ಸ್ಕ್ರೀನ್‌ಶಾಟು. ಇದಕ್ಕೆ ಥಟ್ಟನೆ ಸಿಗುವ ಉತ್ತರಗಳೂ ಬಾಯಿಪಾಠ ಆದಂಥವೇ. ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ) ಇಳಿಸಿ, ಲಿಮಿಟ್ ಹಾಕಿ, ಪ್ರೂನ್ ಮಾಡಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ. ಪ್ರೂನ್ ಮಾಡಿದರೆ, ಅಂದರೆ ಪರೀಕ್ಷೆ ಮುಗಿದ ಹಳೆಯ ಬ್ಲಾಕುಗಳನ್ನು (ವಹಿವಾಟುಗಳ ಕಟ್ಟುಗಳನ್ನು) ಅಳಿಸಿದರೆ, ಉಳಿಯುವುದು ಡಿಸ್ಕಿನ ಜಾಗ ಅಷ್ಟೇ. ಪ್ರತಿ ಬ್ಲಾಕನ್ನೂ ಇಳಿಸಿಕೊಂಡು ಪರೀಕ್ಷೆ ಮಾಡುವ ಕೆಲಸ ಅದರಿಂದ ಒಂದಿಷ್ಟೂ ತಗ್ಗುವುದಿಲ್ಲ. ಆದರೂ ಆ ಸಲಹೆ ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ಪ್ರೊಸೆಸರ್ ಇಷ್ಟು ಹೊತ್ತು ದುಡಿಯುತ್ತಿದೆಯಲ್ಲ, ಏನನ್ನು ದುಡಿಯುತ್ತಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಬಹಳ ದಿನದಿಂದ ನನ್ನನ್ನು ಕೊರೆಯುತ್ತಿರುವುದು ಇದೇ. ಆಗಲೇಬೇಕಾದ ಕೆಲಸವನ್ನು ಜನ ಕಾಯಿಲೆ ಅಂದುಕೊಂಡು ಕತ್ತು ಹಿಸುಕುತ್ತಾರೆ. ನಿಜವಾದ ಕಾಯಿಲೆ ಇದ್ದ ಕಡೆ, ನೋಡ್ ಅಂದಮೇಲೆ ಬಿಸಿ ಇದ್ದದ್ದೇ ಅಂತ ಸುಮ್ಮನಾಗುತ್ತಾರೆ.

ಒಂದು ಗೊಂದಲವನ್ನು ಮೊದಲೇ ಬದಿಗಿಟ್ಟುಬಿಡೋಣ. ನೋಡ್ ಓಡಿಸುವುದು ಮೈನಿಂಗ್ ಅಲ್ಲ. ಮೈನಿಂಗ್ ಅಂದರೆ ಲೆಕ್ಕದ ಪೈಪೋಟಿಯಲ್ಲಿ ಗೆದ್ದು ಹೊಸ ಬ್ಲಾಕ್ ಕಟ್ಟಿ ಇನಾಮು ಪಡೆಯುವುದು. 2009ರಲ್ಲಿ ಬಿಟ್‌ಕಾಯಿನ್ ಹುಟ್ಟಿಸಿದ ಸತೋಶಿ ನಕಾಮೊಟೊ ಬಿಟ್ಟ ಮೊದಲ ಸಾಫ್ಟ್‌ವೇರಿನಲ್ಲಿ ಎರಡೂ ಒಂದೇ ಕಡೆ ಇದ್ದವು, ಹಾಗಾಗಿ ಈ ಭಾವನೆ ಇನ್ನೂ ಉಳಿದುಕೊಂಡಿದೆ. ಆ ಸಾಫ್ಟ್‌ವೇರಿನ ಈಗಿನ ಹೆಸರು ಬಿಟ್‌ಕಾಯಿನ್ ಕೋರ್. 2016ರಲ್ಲಿ ಬಂದ ಅದರ 0.13ನೇ ಆವೃತ್ತಿಯಲ್ಲಿ ಒಳಗಿದ್ದ ಮೈನರನ್ನು ತೆಗೆದೇ ಹಾಕಿದರು. ಇವತ್ತು ನೋಡ್ ಓಡಿಸಿದರೆ ಒಂದು ಪೈಸೆಯೂ ಹುಟ್ಟುವುದಿಲ್ಲ, ಕರೆಂಟ್ ಬಿಲ್ಲು ನಮ್ಮದೇ. ಹಾಗಿದ್ದರೆ ಪ್ರೊಸೆಸರ್ ಯಾಕೆ ಬಿಸಿಯಾಗುತ್ತದೆ? 2009ರ ಜನವರಿ 3ರ ಮೊದಲ ಬ್ಲಾಕಿನಿಂದ ಈ ಹೊತ್ತಿನವರೆಗೆ ನಡೆದ ಪ್ರತಿ ವಹಿವಾಟನ್ನೂ ಅದು ತಾನೇ ಕೂತು ತಾಳೆ ನೋಡುತ್ತದೆ. ಆ ತಾಳೆ ನೋಡುವ ಕೆಲಸಕ್ಕಾಗಿಯೇ ನಾವು ನೋಡ್ ಹಾಕುವುದು.

ಸಾಗರದ ಮಹಡಿ ಕೋಣೆ

ಸಾಗರದ ಹತ್ತಿರ ತೋಟ ಮಾಡಿಕೊಂಡಿರುವ ಗೆಳೆಯನೊಬ್ಬ ಹಳೆಯ ನಾಲ್ಕು ಕೋರಿನ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ನೋಡ್ ಶುರು ಮಾಡಿದ್ದ. ಕೆಲವು ದಿನ ಎಲ್ಲ ಸುಮ್ಮನೆ ಸಾಗಿತು. ಒಂದು ಬೆಳಿಗ್ಗೆ ಫೋನ್ ಮಾಡಿದ: "ಮಾರಾಯ, ನಿನ್ನೆವರೆಗೂ ಇದು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ರಾತ್ರಿಯಿಂದ ಒಂದೇ ಸಮ ಕಿರುಚುತ್ತಾ ಉಂಟು. ಸುಟ್ಟುಹೋಗ್ತದಾ ಹೇಗೆ?" ಅಡಿಕೆ ಕೊಯ್ಲಿನ ಕಾಲ. ಹೇಗೂ ಆ ಕಡೆ ಹೋಗುವುದಿತ್ತು, ಹೋದೆ.

ಮಹಡಿಯ ಕೋಣೆ. ಕೆಳಗೆ ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ. ಮೇಲೆ ಮೇಜಿನ ಕೆಳಗೆ ಸಿಪಿಯು ಪೆಟ್ಟಿಗೆ, ಅದರ ಸದ್ದು ಮೆಟ್ಟಿಲ ಬುಡಕ್ಕೇ ಕೇಳುತ್ತಿತ್ತು. ಯಾವ ಪ್ರೋಗ್ರಾಮ್ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ 'ಟಾಪ್' ತೆರೆದರೆ ಬಿಟ್‌ಕಾಯಿನ್ ಸಾಲಿನ ಮುಂದೆ 390 ಪರ್ಸೆಂಟ್. ಇದನ್ನು ನೋಡಿಯೇ ಅವನು ಹೆದರಿದ್ದು, ನೂರಕ್ಕಿಂತ ಹೆಚ್ಚು ಹೇಗೆ ಬಂತು ಅಂತ. 'ಟಾಪ್' ಒಂದು ಕೋರಿಗೆ ನೂರು ಅಂತ ಎಣಿಸುತ್ತದೆ, ನಾಲ್ಕು ಕೋರಿಗೆ ನಾನೂರು. ಅಲ್ಲೇ ಶಿಫ್ಟ್ ಹಿಡಿದು ಎಚ್ ಒತ್ತಿದರೆ ಒಂದು ಸಾಲು ಒಡೆದು ಹತ್ತಾರು ಥ್ರೆಡ್ಡುಗಳಾಗುತ್ತದೆ, ಪ್ರತಿಯೊಂದಕ್ಕೂ ಹೆಸರಿರುತ್ತದೆ. ನೋಡ್ ಬಿಸಿಯಾದಾಗ ಯಾರೇ ಆಗಲಿ ಮೊದಲು ಮಾಡಬೇಕಾದ್ದು ಇಷ್ಟು. ಅವನ ಯಂತ್ರದಲ್ಲಿ ಮೇಲಿದ್ದದ್ದು 'ಬಿ-ಸ್ಕ್ರಿಪ್ಟ್‌ಚ್' ಹೆಸರಿನ ಮೂರು ಥ್ರೆಡ್ಡುಗಳು, ಜೊತೆಗೆ 'ಬಿ-ಎಂಎಸ್‌ಜಿಹ್ಯಾಂಡ್'. ಮೊದಲ ಮೂರು ಸಹಿ ಪರೀಕ್ಷೆಯ ಆಳುಗಳು; ಸಹಿ ಅಂದರೆ ದುಡ್ಡನ್ನು ಅದರ ಮಾಲೀಕನೇ ಖರ್ಚು ಮಾಡಿದ್ದು ಅಂತ ತೋರಿಸುವ ಡಿಜಿಟಲ್ ಸಹಿ. ನಾಲ್ಕನೆಯದು ಬೇರೆ ನೋಡ್‌ಗಳಿಂದ ಬಂದ ಮಾತನ್ನು ಕೇಳಿಸಿಕೊಂಡು ಬ್ಲಾಕುಗಳನ್ನು ಸಾಲಾಗಿ ಜೋಡಿಸುವ ಮೇಸ್ತ್ರಿ. ನಾಲ್ವರೂ ಮೈಮುರಿದು ದುಡಿಯುತ್ತಿದ್ದರು.

ಹಾಗಾದರೆ ನಿನ್ನೆವರೆಗೆ ಸುಮ್ಮನಿದ್ದದ್ದು ಹೇಗೆ? ಇದಕ್ಕೆ ಉತ್ತರ ಲಾಗ್ ಫೈಲಿನಲ್ಲಿತ್ತು. 'ಡೀಬಗ್ ಲಾಗ್' ತೆರೆದರೆ ಒಂದೊಂದು ಬ್ಲಾಕು ಸೇರಿದಾಗಲೂ 'ಅಪ್‌ಡೇಟ್‌ಟಿಪ್' ಅಂತ ಶುರುವಾಗುವ ಸಾಲು ಬೀಳುತ್ತದೆ. ಬ್ಲಾಕಿನ ಎತ್ತರ, ಆ ಬ್ಲಾಕಿನ ದಿನಾಂಕ, ಒಟ್ಟು ಎಷ್ಟು ಭಾಗ ಮುಗಿಯಿತು, ಕ್ಯಾಶ್‌ನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ) ಎಷ್ಟು ತುಂಬಿದೆ ಎಲ್ಲ ಅದರಲ್ಲೇ ಇದೆ. ಅವನ ಲಾಗಿನ ದಿನಾಂಕ 2020ರ ಡಿಸೆಂಬರ್. ಅದೇ ಲಾಗಿನ ತಲೆಯಲ್ಲಿ ಆವೃತ್ತಿ 0.21 ಅಂತಿತ್ತು. ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದ, 2021ರ ಜನವರಿಯಲ್ಲಿ ಬಿಡುಗಡೆಯಾದ ಪ್ರತಿ. ಎರಡೂ ದಿನಾಂಕ ಅಕ್ಕಪಕ್ಕ ಇಟ್ಟ ಕೂಡಲೇ ಗಂಟು ಬಿಚ್ಚಿಕೊಂಡಿತು.

2017ರ 0.14ರಿಂದ ಬಿಟ್‌ಕಾಯಿನ್ ಕೋರ್‌ನಲ್ಲಿ 'ಅಸ್ಯೂಮ್‌ವ್ಯಾಲಿಡ್' ಅನ್ನುವ ಏರ್ಪಾಡಿದೆ. ಪ್ರತಿ ಬಿಡುಗಡೆಯಲ್ಲೂ, ಆ ಹೊತ್ತಿಗೆ ಸ್ವಲ್ಪ ಹಿಂದಿನ ಒಂದು ಬ್ಲಾಕಿನ ಹ್ಯಾಶನ್ನು (ಬೆರಳಚ್ಚಿನಂಥ ಗುರುತನ್ನು) ಕೋಡಿನ ಒಳಗೆ ಬರೆದಿಡುತ್ತಾರೆ. ಸಿಂಕ್ ಮಾಡುವಾಗ, ಅಂದರೆ ಹಳೆಯ ಬ್ಲಾಕುಗಳನ್ನೆಲ್ಲ ಇಳಿಸಿಕೊಂಡು ಇವತ್ತಿನವರೆಗೆ ಬರುವಾಗ, ಆ ಬ್ಲಾಕಿಗಿಂತ ಹಿಂದಿನ ವಹಿವಾಟುಗಳ ಸಹಿಗಳನ್ನು ನೋಡ್ ಪರೀಕ್ಷಿಸುವುದಿಲ್ಲ. ಇರದ ದುಡ್ಡು ಖರ್ಚಾಗಿದೆಯೇ, ಒಂದೇ ದುಡ್ಡು ಎರಡು ಸಲ ಹೋಗಿದೆಯೇ, ಬ್ಲಾಕಿಗೆ ಬೇಕಾದಷ್ಟು ಪ್ರೂಫ್ ಆಫ್ ವರ್ಕ್ (ಮೈನರ್ ದುಡಿದದ್ದಕ್ಕೆ ಪುರಾವೆ) ಇದೆಯೇ, ಇವನ್ನೆಲ್ಲ ನೋಡಿಯೇ ನೋಡುತ್ತದೆ. ಬಿಡುವುದು ಸಹಿಯ ಗಣಿತವನ್ನು ಮಾತ್ರ. ಆದರೆ ಪ್ರೊಸೆಸರಿಗೆ ಬೀಳುವ ಹೊರೆಯಲ್ಲಿ ಸಿಂಹಪಾಲು ಆ ಗಣಿತದ್ದೇ. 0.21ರ ಗುರುತು ಇದ್ದದ್ದು 2020ರ ಕೊನೆಯ ಭಾಗದ ಒಂದು ಬ್ಲಾಕಿನ ಮೇಲೆ. ಅಲ್ಲಿಯವರೆಗೆ ಮೇಸ್ತ್ರಿ ಒಬ್ಬನೇ ಓಡಾಡಿಕೊಂಡಿದ್ದ. ಆ ಗೆರೆ ದಾಟಿದ ರಾತ್ರಿ ಆಳುಗಳೆಲ್ಲ ಎದ್ದು ಕೂತರು. ಕೆಟ್ಟದ್ದು ಯಾವುದೂ ಇರಲಿಲ್ಲ.

ಹೊಸ ಆವೃತ್ತಿ ಹಾಕಿದರೆ ಗೆರೆ ಮುಂದಕ್ಕೆ ಸರಿಯುತ್ತದೆ, ಫ್ಯಾನು ತಣ್ಣಗಾಗುತ್ತದೆ ಅಂದೆ. ಅವನು ಒಪ್ಪಲಿಲ್ಲ. "ಎಲ್ಲವನ್ನೂ ನನ್ನ ಯಂತ್ರವೇ ನೋಡಲಿ ಅಂತ ಇದನ್ನು ಹಾಕಿದ್ದು. ಈಗ ನೋಡುವುದನ್ನು ಬಿಡು ಅಂತೀಯಲ್ಲ?" ಈ ಪ್ರಶ್ನೆಗೆ ನಾನು ಇವತ್ತಿಗೂ ಗೌರವ ಕೊಡುತ್ತೇನೆ. ಅವನ ಮಾತು ಸರಿಯಾದದ್ದೇ. ಪಟ್ಟು ಹಿಡಿದವರು ಸೆಟ್ಟಿಂಗ್ ಫೈಲಿನಲ್ಲಿ ಅಸ್ಯೂಮ್‌ವ್ಯಾಲಿಡ್ ಸೊನ್ನೆ ಅಂತ ಬರೆದು ಮೊದಲ ಬ್ಲಾಕಿನಿಂದ ಪ್ರತಿ ಸಹಿಯನ್ನೂ ಪರೀಕ್ಷಿಸಬಹುದು. ಆಗ ಯಂತ್ರ ಬಹಳ ದಿನ ಕಿರುಚುತ್ತದೆ, ಆ ಕಿರುಚಾಟಕ್ಕೆ ಅರ್ಥ ಇರುತ್ತದೆ. ಆದರೆ ಅವನ ವಿಷಯದಲ್ಲಿ ಇನ್ನೊಂದು ತೊಡಕಿತ್ತು. 2021ರ ನವೆಂಬರಿನಲ್ಲಿ, ಹೊಸ ಬಗೆಯ ಸಹಿಗಳನ್ನು ತಂದ ಟ್ಯಾಪ್‌ರೂಟ್ ನಿಯಮಗಳು ಜಾರಿಗೆ ಬಂದವು. ಅವನಲ್ಲಿದ್ದ ಮೊದಲ 0.21 ಪ್ರತಿಗೆ ಆ ನಿಯಮ ಜಾರಿಯಾದದ್ದೇ ಗೊತ್ತಿಲ್ಲ. ಟ್ಯಾಪ್‌ರೂಟ್ ವಹಿವಾಟುಗಳು ಎದುರು ಬಂದಾಗ ಅದು ಆ ಸಹಿಗಳನ್ನು ನೋಡದೆಯೇ ದಾಟಿಸಿಬಿಡುತ್ತದೆ. ಅಂದರೆ ನಾಲ್ಕೂ ಕೋರು ಬೆವರು ಸುರಿಸಿದರೂ ತಪಾಸಣೆ ಅರ್ಧಂಬರ್ಧ. ಇದನ್ನು ಕೇಳಿದ ಮೇಲೆ ಅವನೇ ಹೊಸ ಪ್ರತಿ ಇಳಿಸಿದ, ಬಿಡುಗಡೆಯ ಸಹಿಯನ್ನೂ ತಾಳೆ ನೋಡಿಯೇ ಹಾಕಿದ. ಇಳಿಸಿಕೊಂಡಿದ್ದ ಬ್ಲಾಕುಗಳು ಹಾಗೆಯೇ ಉಳಿದವು, ಸಿಂಕ್ ನಿಂತಲ್ಲಿಂದ ಮುಂದುವರಿಯಿತು.

ಪೆಟ್ಟಿಗೆಯ ಬದಿ ಬಿಚ್ಚಿದೆವು. ಪ್ರೊಸೆಸರಿನ ಮೇಲಿನ ಹೀಟ್‌ಸಿಂಕಿನ ಸಂದುಗಳಲ್ಲಿ ಅಡಿಕೆ ಸಿಪ್ಪೆಯ ನಾರು, ಧೂಳು ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಪೇಂಟ್ ಬ್ರಷ್ಷಿನಿಂದ ಕೆದಕಿದರೆ ಪದರ ಪದರವಾಗಿ ಎದ್ದು ಬಂತು. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಆಗ ಪರ್ಸೆಂಟು ನೂರೇ ತೋರಿಸಿದರೂ ಆಗುವ ಕೆಲಸ ಕಡಿಮೆ. ಸೆಟ್ಟಿಂಗ್ ಫೈಲಿಗೆ ಕೈ ಹಾಕುವ ಮೊದಲು 'ಸೆನ್ಸರ್ಸ್' ಕಮಾಂಡಿನಲ್ಲಿ ಬಿಸಿ ಎಷ್ಟಿದೆ ನೋಡಿ, ಗಾಳಿ ಓಡಾಡುವ ದಾರಿ ತೆರೆದಿದೆಯೇ ನೋಡಿ. ರಾಸ್ಪ್‌ಬೆರಿ ಪೈ ಇಟ್ಟುಕೊಂಡವರಿಗೆ ಇದನ್ನು ಇನ್ನೂ ಒತ್ತಿ ಹೇಳುತ್ತೇನೆ. ಪೈ 4 ಸುಮಾರು 80 ಡಿಗ್ರಿ ಮುಟ್ಟಿದಾಗ ವೇಗ ತಗ್ಗಿಸಲು ಶುರು ಮಾಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಸಿಂಕ್‌ಗೆ ಬಿಟ್ಟರೆ ಅಷ್ಟು ಮುಟ್ಟುವುದು ಕಷ್ಟವೇನಲ್ಲ.

ಈ ದುಡಿಮೆ ವ್ಯರ್ಥ ಅನ್ನುವವರಿಗೆ

ಇಡೀ ಪ್ರಪಂಚದ ನೋಡ್‌ಗಳು ಪರೀಕ್ಷಿಸಿ ಮುಗಿಸಿದ್ದನ್ನು ನಮ್ಮನೆಯ ಡಬ್ಬಿ ಮತ್ತೆ ಪರೀಕ್ಷಿಸುವುದು ಯಾಕೆ ಅಂತ ಕೇಳುವವರಿದ್ದಾರೆ. ಎರಡು ಘಟನೆ ಹೇಳುತ್ತೇನೆ. 2010ರ ಆಗಸ್ಟ್ 15ರಂದು ಬ್ಲಾಕ್ 74638ರಲ್ಲಿ ಒಂದು ವಹಿವಾಟು ಬಂತು. ಲೆಕ್ಕ ಕೂಡುವ ಕೋಡಿನಲ್ಲಿದ್ದ ದೋಷವನ್ನು ಬಳಸಿಕೊಂಡು ಯಾರೋ 18,400 ಕೋಟಿಗೂ ಹೆಚ್ಚು ಬಿಟ್‌ಕಾಯಿನ್ ಹುಟ್ಟಿಸಿದ್ದರು. ಒಟ್ಟು ಇರಬೇಕಾದದ್ದೇ 2 ಕೋಟಿ 10 ಲಕ್ಷ. ಬ್ಲಾಕಿನ ಮೊತ್ತ ವಿಚಿತ್ರವಾಗಿದೆ ಅಂತ ಬಿಟ್‌ಕಾಯಿನ್ ಡೆವಲಪರ್ ಜೆಫ್ ಗಾರ್ಜಿಕ್ ಗಮನಿಸಿ ಎತ್ತಿ ತೋರಿಸಿದರು. ಕೆಲವೇ ಗಂಟೆಗಳಲ್ಲಿ ತಿದ್ದಿದ ಆವೃತ್ತಿ ಬಂತು, ಅದನ್ನು ಹಾಕಿಕೊಂಡವರ ಯಂತ್ರಗಳು ಆ ಬ್ಲಾಕನ್ನು ತಿರಸ್ಕರಿಸಿ ಬೇರೆ ಸರಪಳಿ ಕಟ್ಟಿದವು. ಆ ದುಡ್ಡನ್ನು ಅಳಿಸಿಹಾಕಿದ್ದು ಯಾವ ಕಚೇರಿಯೂ ಅಲ್ಲ. ಪರೀಕ್ಷಿಸುವ ಯಂತ್ರಗಳು ಒಪ್ಪಲಿಲ್ಲ, ಅಷ್ಟೇ.

ಎರಡನೆಯದು ಇನ್ನೂ ನೇರವಾಗಿ ನಮ್ಮ ವಿಷಯಕ್ಕೆ ಸೇರಿದ್ದು. 2015ರ ಜುಲೈ 4ರಂದು ಸಹಿಯ ರೂಪವನ್ನು ಬಿಗಿ ಮಾಡುವ ಬಿಪ್ 66 ನಿಯಮ ಜಾರಿಗೆ ಬಂತು. ಅದಾದ ಸ್ವಲ್ಪ ಹೊತ್ತಿಗೆ ಒಬ್ಬ ಸಣ್ಣ ಮೈನರ್ ಹೊಸ ನಿಯಮಕ್ಕೆ ಹೊಂದದ ಬ್ಲಾಕ್ ಮಾಡಿದ. ಕೆಲವು ದೊಡ್ಡ ಪೂಲ್‌ಗಳು (ಮೈನರುಗಳ ಗುಂಪುಗಳು) ಸಮಯ ಉಳಿಸಲು, ಬಂದ ಬ್ಲಾಕನ್ನು ಪೂರ್ತಿ ಪರೀಕ್ಷಿಸದೆಯೇ ಅದರ ಮೇಲೆ ಮುಂದಿನ ಬ್ಲಾಕ್ ಕಟ್ಟುತ್ತಿದ್ದವು. ತಪ್ಪು ಬ್ಲಾಕಿನಿಂದ ಶುರುವಾಗಿ ಆರು ಬ್ಲಾಕುಗಳ ಸಾಲು ಬೆಳೆಯಿತು, ಕೊನೆಗೆ ಎಲ್ಲವೂ ಕಸ. ಪರೀಕ್ಷೆಯಲ್ಲಿ ಉಳಿಸಿದ ಕೆಲವು ಸೆಕೆಂಡುಗಳಿಗೆ ಅವರು ಬ್ಲಾಕುಗಳ ಇಡೀ ಇನಾಮನ್ನೇ ತೆತ್ತರು. ಅವತ್ತು ಪೂರ್ತಿ ಪರೀಕ್ಷೆ ಮಾಡುತ್ತಿದ್ದ ಮನೆಯ ನೋಡ್‌ಗಳಿಗೆ ಯಾವ ತೊಂದರೆಯೂ ಆಗಲಿಲ್ಲ. ಹಳೆಯ ಆವೃತ್ತಿಯವರಿಗೆ, ಪರೀಕ್ಷಿಸದ ಹಗುರ ವಾಲೆಟ್ ಬಳಸುವವರಿಗೆ ಮಾತ್ರ ಇನ್ನೂ 30 ದೃಢೀಕರಣ (ಮೇಲೆ ಇನ್ನೂ 30 ಬ್ಲಾಕ್ ಬೀಳುವವರೆಗೆ) ಕಾಯಿರಿ ಅನ್ನುವ ಎಚ್ಚರಿಕೆ ಹೋಯಿತು.

ಅದೇ ತಿಂಗಳು ಬ್ಲಾಕ್ 364292 ಬಂತು. ಐದು ಸಾವಿರಕ್ಕೂ ಹೆಚ್ಚು ಇನ್‌ಪುಟ್‌ಗಳಿದ್ದ (ಅಂದರೆ ಅಷ್ಟು ಹಳೆಯ ಚಿಲ್ಲರೆಗಳನ್ನು ಒಟ್ಟಿಗೆ ಖರ್ಚು ಮಾಡುವ) ಒಂದೇ ವಹಿವಾಟು, ಹತ್ತಿರ ಹತ್ತಿರ 1 ಎಂಬಿ. ಅದೊಂದನ್ನು ಪರೀಕ್ಷಿಸಲು ಅವತ್ತಿನ ಯಂತ್ರಗಳಿಗೆ 25 ಸೆಕೆಂಡಿನಷ್ಟು ಹಿಡಿಯಿತು. ಹಳೆಯ ಪದ್ಧತಿಯಲ್ಲಿ ಪ್ರತಿ ಇನ್‌ಪುಟ್‌ಗೂ ಹೆಚ್ಚುಕಡಿಮೆ ಇಡೀ ವಹಿವಾಟನ್ನು ಮತ್ತೆ ಹ್ಯಾಶ್ ಮಾಡಬೇಕು. ಇನ್‌ಪುಟ್ ಎರಡರಷ್ಟಾದರೆ ಕೆಲಸ ನಾಲ್ಕರಷ್ಟು. ಸಹಿಗಳನ್ನು ಬೇರೆಯಾಗಿ ಇಡುವ ಸೆಗ್‌ವಿಟ್ ನಿಯಮ 2017ರ ಆಗಸ್ಟ್‌ನಲ್ಲಿ ಜಾರಿಯಾದಾಗ ಹೊಸ ರೀತಿಯ ವಹಿವಾಟುಗಳಿಗೆ ಈ ಕಾಟ ತಪ್ಪಿತು. ಅದಕ್ಕೂ ಹಿಂದೆ, 2016ರ 0.12ರಲ್ಲಿ ಓಪನ್‌ಎಸ್‌ಎಸ್‌ಎಲ್ ಬಿಟ್ಟು ತಮ್ಮದೇ ಲಿಬ್‌ಸೆಕ್‌ಪಿ256ಕೆ1 ಲೈಬ್ರರಿಗೆ ಬಂದಾಗ 64 ಬಿಟ್ ಪ್ರೊಸೆಸರುಗಳಲ್ಲಿ ಸಹಿ ಪರೀಕ್ಷೆ ಐದು ಪಟ್ಟಿಗಿಂತ ಹೆಚ್ಚು ವೇಗವಾಯಿತು. ನಮ್ಮ ಹಳೆ ಡೆಸ್ಕ್‌ಟಾಪುಗಳಲ್ಲಿ ನೋಡ್ ಇವತ್ತಿಗೂ ಓಡುತ್ತಿರುವುದರ ಹಿಂದೆ ಇಂಥ ಕೆಲಸ ಇದೆ. ಪರೀಕ್ಷೆಯ ಹೊರೆ ಸಾಮಾನ್ಯ ಜನರ ಯಂತ್ರಕ್ಕೆ ನಿಲುಕುವ ಹಾಗೆ ಇರಬೇಕು ಅಂತ ಹಟ ಹಿಡಿದು ದುಡಿದ ಎಂಜಿನಿಯರುಗಳ ಬಗ್ಗೆ ನನಗೆ ತುಂಬು ಕೃತಜ್ಞತೆಯಿದೆ.

ಲೋಡ್ ಏರಿದೆ, ಕೋರ್ ಖಾಲಿ ಕೂತಿದೆ

ಸಾಗರದ ಕತೆ ಅಲ್ಲಿಗೆ ಮುಗಿಯಲಿಲ್ಲ. ಹೊಸ ಆವೃತ್ತಿ ಹಾಕಿದ ಮೇಲೆ ಫ್ಯಾನು ತಣ್ಣಗಾಯಿತು, ಆದರೆ ಸಿಂಕ್ ತೆವಳತೊಡಗಿತು. 'ಲೋಡ್ ಆವರೇಜ್' ಮಾತ್ರ ಕೋರುಗಳ ಸಂಖ್ಯೆಗಿಂತ ಮೇಲೇ ಇತ್ತು. ಲೋಡ್ ಜಾಸ್ತಿ ಅಂದರೆ ಸಿಪಿಯು ಜಾಸ್ತಿ ಅಂತ ಎಲ್ಲರೂ ತಿಳಿಯುತ್ತಾರೆ, ಅವನೂ ಹಾಗೇ ತಿಳಿದ. ಲಿನಕ್ಸ್‌ನಲ್ಲಿ ಆ ಲೆಕ್ಕಕ್ಕೆ ಡಿಸ್ಕಿಗಾಗಿ ಕಾದು ನಿಂತ ಕೆಲಸಗಳೂ ಸೇರುತ್ತವೆ. 'ಟಾಪ್'ನ ತಲೆಯಲ್ಲಿ 'ಡಬ್ಲ್ಯೂಎ' (ಡಿಸ್ಕಿಗಾಗಿ ಕಾದ ಹೊತ್ತು) ಅಂತ ಒಂದು ಅಂಕಿ ಇರುತ್ತದೆ, ಯಾರೂ ಕಣ್ಣು ಹಾಯಿಸದ ಜಾಗ. ಅವನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಪ್ರೊಸೆಸರ್ ಕೈಕಟ್ಟಿ ಕೂತಿತ್ತು, ಹಾರ್ಡ್ ಡಿಸ್ಕು ಓಡಾಡಿ ಸುಸ್ತಾಗಿತ್ತು.

ನೋಡ್‌ಗೆ ಎರಡು ರೀತಿಯ ದತ್ತಾಂಶ ಇರುತ್ತದೆ. ಬ್ಲಾಕುಗಳ ದೊಡ್ಡ ಗುಡ್ಡ ಒಂದು. 600 ಜಿಬಿ ದಾಟಿ ಬಹಳ ಕಾಲವಾಯಿತು, ಆದರೆ ಅದು ಸಾಲಾಗಿ ಬರೆದುಕೊಂಡು ಹೋಗುವಂಥದ್ದು, ಹಾರ್ಡ್ ಡಿಸ್ಕಿಗೆ ಅಷ್ಟೇನೂ ತ್ರಾಸವಿಲ್ಲ. ಇನ್ನೊಂದು ಚೈನ್‌ಸ್ಟೇಟ್, ಅಂದರೆ ಇನ್ನೂ ಖರ್ಚಾಗದೆ ಉಳಿದ ಚಿಲ್ಲರೆಗಳ ಪಟ್ಟಿ. ಗಾತ್ರದಲ್ಲಿ ಸಣ್ಣದು, ಆದರೆ ಪ್ರತಿ ವಹಿವಾಟಿಗೂ ಅದರಲ್ಲಿ ಎಲ್ಲೆಲ್ಲೋ ಹುಡುಕಬೇಕು. ತಿರುಗುವ ತಟ್ಟೆಯ ಡಿಸ್ಕಿಗೆ ಅದು ಯಮಯಾತನೆ. 2023ರಲ್ಲಿ, ಬಿಟ್‌ಕಾಯಿನ್ ವಹಿವಾಟಿಗೆ ಚಿತ್ರ, ಬರಹ ಅಂಟಿಸುವ ಆರ್ಡಿನಲ್ಸ್ ಅಲೆ ಎದ್ದಾಗ ಸಣ್ಣ ಸಣ್ಣ ಚಿಲ್ಲರೆಗಳು ಕೋಟಿಗಟ್ಟಲೆ ಸೇರಿಕೊಂಡವು. ಅದಕ್ಕೆ ಮುಂಚೆ 5 ಜಿಬಿ ಆಸುಪಾಸಿದ್ದ ಪಟ್ಟಿ 10 ಜಿಬಿ ದಾಟಿಹೋಯಿತು. ಈ ಪಟ್ಟಿಯಲ್ಲಿ ಎಷ್ಟನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು ಅನ್ನುವುದನ್ನು 'ಡಿಬಿಕ್ಯಾಶ್' ಹೇಳುತ್ತದೆ. ಬಹುಕಾಲ ಅದರ ಡಿಫಾಲ್ಟ್ 450 ಎಂಬಿ ಇತ್ತು. 8 ಜಿಬಿ ರ್‍ಯಾಮ್ ಇದ್ದವರು ಮೊದಲ ಸಿಂಕ್ ಮುಗಿಯುವವರೆಗೆ 4000ಕ್ಕೆ ಏರಿಸಿಕೊಂಡರೆ ಆಗುವ ಬದಲಾವಣೆ, ಉಳಿದ ಯಾವ ಸೆಟ್ಟಿಂಗಿನಿಂದಲೂ ಆಗುವುದಿಲ್ಲ. ಚೈನ್‌ಸ್ಟೇಟನ್ನು ಎಸ್‌ಎಸ್‌ಡಿಯಲ್ಲಿ ಇಡುವುದೊಂದು ಬಿಟ್ಟರೆ.

ಮಲೆನಾಡಿನಲ್ಲಿ ಇದಕ್ಕೊಂದು ಬಾಲಂಗೋಚಿ ಇದೆ, ಕರೆಂಟು. ಡಿಬಿಕ್ಯಾಶ್ ದೊಡ್ಡದಿದ್ದಷ್ಟೂ ಡಿಸ್ಕಿಗೆ ಬರೆಯದೆ ಮೆಮೊರಿಯಲ್ಲೇ ಉಳಿದ ಲೆಕ್ಕ ಹೆಚ್ಚು. ಕರೆಂಟು ಹೋಯಿತೆಂದರೆ ಅಷ್ಟೂ ಹೋಯಿತು. ಮತ್ತೆ ಶುರುವಾದಾಗ ನೋಡ್ ಕೊನೆಯ ಸಲ ಬರೆದಿಟ್ಟ ಜಾಗಕ್ಕೆ ಹಿಂದಿರುಗಿ ಆ ಬ್ಲಾಕುಗಳನ್ನೆಲ್ಲ ಮತ್ತೆ ನಡೆಸುತ್ತದೆ. ಡೇಟಾಬೇಸೇ ಕೆಟ್ಟಿದ್ದರೆ ರೀಇಂಡೆಕ್ಸ್, ಅಂದರೆ ಮೊದಲಿನಿಂದ. ಎಷ್ಟೋ ಜನ "ಸಿಂಕ್ ಆದ ನೋಡ್ ಮತ್ತೆ ಯಾಕೋ ಬಿಸಿ" ಅನ್ನುವಾಗ ನಾನು ಕೇಳುವ ಮೊದಲ ಮಾತು, ನಿನ್ನೆ ಕರೆಂಟ್ ಹೋಗಿತ್ತಾ ಅಂತ. ಇದು ವ್ಯರ್ಥ ದುಡಿಮೆ, ಇದನ್ನು ತಪ್ಪಿಸಲೇಬೇಕು. ನೋಡ್ ಪೆಟ್ಟಿಗೆಗೊಂದು ಸಣ್ಣ ಯುಪಿಎಸ್ ಇರಲಿ. ನಿಲ್ಲಿಸುವಾಗ ಪ್ಲಗ್ ಕೀಳದೆ ಸ್ಟಾಪ್ ಕಮಾಂಡ್ ಕೊಟ್ಟು, ಲಾಗಿನಲ್ಲಿ 'ಶಟ್‌ಡೌನ್: ಡನ್' ಅಂತ ಬರುವವರೆಗೆ ಕಾಯಿರಿ. ಕ್ಯಾಶ್ ದೊಡ್ಡದಿದ್ದರೆ ಕೆಲವು ನಿಮಿಷ ಹಿಡಿಯಬಹುದು. ಗೆಳೆಯನ ಅಮ್ಮ ರಾತ್ರಿ ಮಲಗುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುವವರು, ಮಹಡಿಯದ್ದನ್ನೂ. ಅವರಿಗೆ ಅವನು ಒಂದು ಚೀಟಿ ಬರೆದು ಸ್ವಿಚ್ ಬೋರ್ಡಿಗೆ ಅಂಟಿಸಿದ.

ಅಕ್ಕನ ಮಗನ ಪರದೆ

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗನದು ಬೇರೆಯದೇ ರೋಗ. "ಮಾಮ, ಸಿಂಕ್ ಮುಗಿದು ಎಷ್ಟೋ ದಿನ ಆಯ್ತು. ಆದ್ರೂ ಒಂದು ಕೋರ್ ಯಾವಾಗಲೂ ಫುಲ್ ಇರತ್ತೆ." ಇದು ನಿಜಕ್ಕೂ ಅನುಮಾನ ಪಡಬೇಕಾದ ಲಕ್ಷಣ. ಸಿಂಕ್ ಮುಗಿದ ನೋಡ್ ಹೆಚ್ಚು ಹೊತ್ತು ಸುಮ್ಮನಿರಬೇಕು. ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್ ಬಂದಾಗ ಒಂದು ಸಣ್ಣ ಏರು. ಅದೂ ಸಣ್ಣದೇ, ಯಾಕೆಂದರೆ ಆ ವಹಿವಾಟುಗಳು ಮೆಂಪೂಲ್‌ಗೆ (ಬ್ಲಾಕ್ ಸೇರಲು ಕಾಯುವ ಸಾಲಿಗೆ) ಬಂದಾಗಲೇ ಸಹಿ ಪರೀಕ್ಷೆ ಮುಗಿದಿರುತ್ತದೆ, ಫಲಿತಾಂಶ ನೆನಪಿನಲ್ಲಿರುತ್ತದೆ. ಹಾಗಾಗಿ ಥ್ರೆಡ್ ನೋಡು ಅಂದೆ. ಮೇಲಿದ್ದದ್ದು 'ಬಿ-ಎಚ್‌ಟಿಟಿಪಿವರ್ಕರ್'. ಅಂದರೆ ಹೊರಗಿನ ಯಾವುದೋ ಪ್ರೋಗ್ರಾಮ್ ಆರ್‌ಪಿಸಿ ಮೂಲಕ ನೋಡ್‌ಗೆ ಬಿಡದೆ ಪ್ರಶ್ನೆ ಕೇಳುತ್ತಿದೆ.

ಆ ಪ್ರೋಗ್ರಾಮ್ ಅವನೇ ಬರೆದದ್ದು. ಗೋಡೆಗೆ ಹಾಕಿದ ಸಣ್ಣ ಪರದೆಯಲ್ಲಿ ಬ್ಲಾಕಿನ ಎತ್ತರ, ಮೆಂಪೂಲ್ ಗಾತ್ರ, ಕೆಳಗೆ ದಪ್ಪಕ್ಷರದಲ್ಲಿ ಪ್ರಪಂಚದಲ್ಲಿ ಈಗ ಇರುವ ಒಟ್ಟು ಬಿಟ್‌ಕಾಯಿನ್. ಚೆನ್ನಾಗಿಯೇ ಮಾಡಿದ್ದ. ಆ ಒಟ್ಟು ಮೊತ್ತಕ್ಕೆ ಅವನು 'ಗೆಟ್‌ಟಿಎಕ್ಸ್‌ಔಟ್‌ಸೆಟ್‌ಇನ್ಫೋ' ಕಮಾಂಡನ್ನು ನಿಮಿಷಕ್ಕೊಮ್ಮೆ ಕರೆಯುತ್ತಿದ್ದ. ಅದು ಚೈನ್‌ಸ್ಟೇಟ್ ಪಟ್ಟಿಯನ್ನು ತಲೆಯಿಂದ ಬುಡದವರೆಗೆ ಓದಿ ಕೂಡುವ ಕಮಾಂಡ್. ಅವನ ಯಂತ್ರದಲ್ಲಿ ಒಂದು ಸಲ ಮುಗಿಯಲು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಒಂದು ಮುಗಿಯುವ ಮೊದಲೇ ಇನ್ನೊಂದು ಬಂದು ಸಾಲು ನಿಲ್ಲುತ್ತಿತ್ತು, ಕೋರ್‌ಗೆ ಬಿಡುವೇ ಇಲ್ಲ.

ಇದನ್ನು ಸರಿಪಡಿಸುವುದು ಸುಲಭ. 2021ರ 22ನೇ ಆವೃತ್ತಿಯಿಂದ 'ಕಾಯಿನ್‌ಸ್ಟ್ಯಾಟ್ಸ್‌ಇಂಡೆಕ್ಸ್' ಇದೆ. ಅದನ್ನು ಒಂದು ಅಂತ ಹಾಕಿದರೆ ನೋಡ್ ಪ್ರತಿ ಬ್ಲಾಕಿನ ಜೊತೆಗೂ ಮೊತ್ತವನ್ನು ಬರೆದಿಟ್ಟುಕೊಳ್ಳುತ್ತದೆ, ಕಮಾಂಡಿನಲ್ಲಿ ಹ್ಯಾಶ್ ಬೇಡ ('ನನ್') ಅಂತ ಕೊಟ್ಟು ಕೇಳಿದರೆ ತಕ್ಷಣ ಹೇಳುತ್ತದೆ. ಇಂಡೆಕ್ಸ್ ಮೊದಲ ಸಲ ಕಟ್ಟಲು ಸರಪಳಿಯನ್ನೆಲ್ಲ ಓದಬೇಕು, ಅಲ್ಲಿಯವರೆಗೆ ಯಂತ್ರ ಬಿಸಿಯೇ ಇರುತ್ತದೆ; ಅದು ಒಂದು ಸಲದ ಕೆಲಸ, ಆಗಲಿ ಬಿಡಬೇಕು. ಬ್ಲಾಕ್ ಬಂದಾಗ ಮಾತ್ರ ಕೇಳು, ಎರಡು ಬ್ಲಾಕುಗಳ ನಡುವೆ ಒಟ್ಟು ಮೊತ್ತ ಬದಲಾಗುವುದೇ ಇಲ್ಲವಲ್ಲ ಅಂತಲೂ ಹೇಳಿದೆ.

ಆದರೆ ಅವತ್ತು ನಾವು ಹೆಚ್ಚು ಹೊತ್ತು ಮಾತಾಡಿದ್ದು ಆ ಅಂಕಿಯ ಬಗ್ಗೆಯೇ. 2,10,000 ಬ್ಲಾಕಿಗೊಮ್ಮೆ ಇನಾಮು ಅರ್ಧವಾಗುತ್ತದೆ: 50, 25, 12.5, 6.25. 2024ರ ಏಪ್ರಿಲ್‌ನಲ್ಲಿ ಬ್ಲಾಕ್ 8,40,000 ಬರುವ ಹೊತ್ತಿಗೆ ಕಾಗದದ ಲೆಕ್ಕದಲ್ಲಿ 1 ಕೋಟಿ 96 ಲಕ್ಷ 87 ಸಾವಿರದ 500 ಆಗಬೇಕು. ನೋಡ್ ಹೇಳುವ ಮೊತ್ತ ಯಾವಾಗಲೂ ಕಾಗದದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ. ಅವನಿಗೆ ಅದು ತನ್ನ ಕೋಡಿನ ತಪ್ಪು ಅನಿಸಿ ತಲೆ ಕೆಟ್ಟಿತ್ತು. ತಪ್ಪಲ್ಲ. ಮೊದಲ ಬ್ಲಾಕಿನ 50ನ್ನು ಖರ್ಚು ಮಾಡಲು ಬರುವುದಿಲ್ಲ, ಅದು ಪಟ್ಟಿಯಲ್ಲೇ ಇಲ್ಲ. ಕೆಲವು ಮೈನರುಗಳು ತಮಗೆ ಬರಬೇಕಾದ ಇನಾಮನ್ನು ಪೂರ್ತಿ ತೆಗೆದುಕೊಂಡಿಲ್ಲ. ಯಾರಿಗೂ ಬಿಡಿಸಲಾಗದ ಹಾಗೆ ಸುಟ್ಟುಹಾಕಿದ್ದೂ ಪಟ್ಟಿಯಿಂದ ಹೊರಗೆ. ಹಾಸ್ಟೆಲ್ ಕೋಣೆಯ ಒಂದು ಯಂತ್ರ ಯಾರ ಮಾತನ್ನೂ ನಂಬದೆ ಈ ಮೊತ್ತವನ್ನು ತಾನೇ ಕೂಡಿ ಹೇಳುತ್ತದೆ, 2010ರಂಥ ಕೋಟಿಗಟ್ಟಲೆ ಕಳ್ಳ ನಾಣ್ಯ ಒಳಗಿಲ್ಲ ಅಂತ ತೋರಿಸುತ್ತದೆ. ಅದನ್ನು ಗೋಡೆಯ ಮೇಲೆ ಹಾಕಿಕೊಳ್ಳಬೇಕು ಅನಿಸಿದ ಹುಡುಗನ ಬಗ್ಗೆ ನನಗೆ ಹೆಮ್ಮೆಯಾಯಿತು.

ಬೇರೆಯವರ ಕೆಲಸ ನಮ್ಮ ಪ್ರೊಸೆಸರಿನಲ್ಲಿ

ವಿಂಡೋಸ್‌ನಲ್ಲಿ ನೋಡ್ ಓಡಿಸುವವರು ಇನ್ನೊಂದನ್ನು ನೋಡಬೇಕು. ಬಿಸಿ ಮಾಡುತ್ತಿರುವುದು ನೋಡ್ ಆಗಿರದೆ, ನೋಡ್ ಬರೆಯುವ ಪ್ರತಿ ಫೈಲನ್ನೂ ಮೂಸಿ ನೋಡುವ ಆಂಟಿವೈರಸ್ ಆಗಿರಬಹುದು. 2014ರಲ್ಲಿ ಯಾರೋ 1987ರ ಕಾಲದ 'ಸ್ಟೋನ್ಡ್' ವೈರಸ್ಸಿನ ಗುರುತಿನ ಬೈಟುಗಳನ್ನು ಬ್ಲಾಕ್‌ಚೈನಿಗೆ ಸೇರಿಸಿದರು. ವೈರಸ್ಸೇನೂ ಓಡುವಂಥದ್ದಲ್ಲ, ಬರೀ ಗುರುತು. ಆದರೂ ಮೈಕ್ರೋಸಾಫ್ಟ್‌ನ ಆಂಟಿವೈರಸ್ ಆ ಫೈಲುಗಳನ್ನು ಹಿಡಿಯತೊಡಗಿತ್ತು. ಈ ಕಾರಣಕ್ಕೇ 0.12ರಿಂದ ಚೈನ್‌ಸ್ಟೇಟನ್ನೂ, 2024ರ 28ನೇ ಆವೃತ್ತಿಯಿಂದ ಹೊಸದಾಗಿ ಇಳಿಸುವ ಬ್ಲಾಕ್ ಫೈಲುಗಳನ್ನೂ ಕಲಸಿ ಬರೆಯುತ್ತಾರೆ. ಆದರೆ ಫೈಲು ಬದಲಾದಾಗಲೆಲ್ಲ ಓದಿ ನೋಡುವ ಕೆಲಸ ಅದರಿಂದ ನಿಲ್ಲುವುದಿಲ್ಲ. ಡೇಟಾ ಫೋಲ್ಡರನ್ನು ಸ್ಕ್ಯಾನಿನಿಂದ ಹೊರಗಿಡಿ. ಇಡೀ ಆಂಟಿವೈರಸ್ಸನ್ನು ಆರಿಸಬೇಡಿ.

ಥ್ರೆಡ್ ಪಟ್ಟಿಯಲ್ಲಿ ನೋಡ್ ತಣ್ಣಗಿದ್ದು, ಬೇರೆ ಯಾವುದೋ ಹೆಸರು ಎಲ್ಲ ಕೋರುಗಳನ್ನೂ ನುಂಗಿ ಕೂತಿದ್ದರೆ ವಿಷಯ ಗಂಭೀರ. 2019ರ ನವೆಂಬರ್ ಕೊನೆಯಲ್ಲಿ ಮೊನೆರೊ ನಾಣ್ಯ ರ್‍ಯಾಂಡಮ್‌ಎಕ್ಸ್ ಪದ್ಧತಿಗೆ ಬಂತು. ಸಾಮಾನ್ಯ ಪ್ರೊಸೆಸರಿನಲ್ಲೇ ಮೈನ್ ಮಾಡಲಿ ಅಂತ ಮಾಡಿದ್ದು. ಅದೇ ಕಾರಣಕ್ಕೆ ಕಳ್ಳರು ಕಂಡವರ ಯಂತ್ರದೊಳಗೆ ಎಕ್ಸ್‌ಎಂರಿಗ್ ಥರದ ಮೈನರನ್ನು ತುರುಕಿ ದುಡಿಸಿಕೊಳ್ಳುತ್ತಾರೆ. ನೋಡ್ ಹಾಕಿದವರಿಗೆ ಬಿಸಿಯ ಅಭ್ಯಾಸ ಇರುವುದರಿಂದ ಇದು ಬಹಳ ದಿನ ಕಣ್ಣಿಗೆ ಬೀಳುವುದಿಲ್ಲ. ಆರ್‌ಪಿಸಿಯ 8332 ಪೋರ್ಟು ಡಿಫಾಲ್ಟಾಗಿ ನಮ್ಮ ಯಂತ್ರದೊಳಗಿನಿಂದ ಮಾತ್ರ ತೆರೆದಿರುತ್ತದೆ, ಅದನ್ನು ಹಾಗೇ ಬಿಡಿ. ಹೊರಗಿನ ನೋಡ್‌ಗಳಿಗೆ ಬೇಕಾದ್ದು 8333 ಮಾತ್ರ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಹೊರಕ್ಕೆ ತೆರೆದಿಟ್ಟು ಸುಲಭದ ಪಾಸ್‌ವರ್ಡ್ ಇಟ್ಟವರ ಯಂತ್ರಕ್ಕೆ ಮೊದಲು ನುಗ್ಗುವವರು ಇವರೇ. ಇಂಥದ್ದು ಸಿಕ್ಕರೆ ಪ್ರೋಸೆಸ್ ಕೊಂದು ಸುಮ್ಮನಾಗಬಾರದು. ಆ ಯಂತ್ರದಲ್ಲಿ ವಾಲೆಟ್ ಇದ್ದರೆ, ಬೇರೆ ಶುದ್ಧ ಯಂತ್ರದಲ್ಲಿ ಹೊಸ ವಾಲೆಟ್ ಮಾಡಿ ದುಡ್ಡನ್ನು ಮೊದಲು ಅಲ್ಲಿಗೆ ಸಾಗಿಸಿ, ಆಮೇಲೆ ಇದನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿ.

ಇಷ್ಟೆಲ್ಲ ನೋಡಿದ ಮೇಲೂ, ಕೆಲಸ ನ್ಯಾಯವಾದದ್ದೇ ಆದರೂ ಹಗಲು ಹೊತ್ತು ಅದೇ ಕಂಪ್ಯೂಟರಿನಲ್ಲಿ ಬೇರೆ ಕೆಲಸ ಇರುತ್ತದಲ್ಲ ಅನ್ನುವವರಿಗೆ 'ಪಾರ್' ಸೆಟ್ಟಿಂಗ್ ಇದೆ. ಸೊನ್ನೆ ಅಂದರೆ ನೋಡ್ ತಾನೇ ನಿರ್ಧರಿಸುತ್ತದೆ, ಮೈನಸ್ ಒಂದು ಅಂದರೆ ಒಂದು ಕೋರ್ ಬಿಟ್ಟು ಉಳಿದದ್ದನ್ನು ಬಳಸುತ್ತದೆ. ನನಗೆ ಇದೇ ಇಷ್ಟ. ಹೊರಗಿನಿಂದ ಪ್ರೋಸೆಸ್ಸನ್ನು ಕ್ಷಣಕ್ಷಣಕ್ಕೂ ನಿಲ್ಲಿಸಿ ಎಬ್ಬಿಸುವ 'ಸಿಪಿಯುಲಿಮಿಟ್' ನನಗೆ ಹಿಡಿಸುವುದಿಲ್ಲ. ಸಿಸ್ಟಮ್‌ಡಿ ಮೂಲಕ ಓಡಿಸುವವರು 'ಸಿಪಿಯುಕೋಟಾ' 200 ಪರ್ಸೆಂಟ್ ಅಂತ ಕೊಟ್ಟರೆ ಎರಡು ಕೋರಿನಷ್ಟಕ್ಕೆ ನಿಲ್ಲುತ್ತದೆ. ಮಿತಿ ಯಾವುದನ್ನು ಹಾಕಿದರೂ ಮಾಡಬೇಕಾದ ಕೆಲಸ ಒಂದು ಸಹಿಯಷ್ಟೂ ಕಡಿಮೆಯಾಗುವುದಿಲ್ಲ, ಮುಗಿಯುವ ದಿನ ಮುಂದೆ ಹೋಗುತ್ತದೆ. ಅದಕ್ಕೇ ನಾನು ಹಗಲು ಮಾತ್ರ ಮಿತಿ ಇಟ್ಟು, ಸಂಜೆ ಕೆಲಸ ಮುಗಿದ ಮೇಲೆ ತೆಗೆದುಬಿಡಿ ಅನ್ನುತ್ತೇನೆ. ಕಿಟಕಿ ತೆರೆದಿಟ್ಟರೆ ರಾತ್ರಿಯ ಗಾಳಿಗೆ ಹೀಟ್‌ಸಿಂಕೂ ಹತ್ತು ಡಿಗ್ರಿ ಕೆಳಗಿರುತ್ತದೆ.